ಟಾರ್ಚಿನೊಳಗೆ ಬೆಳಕು ಸೋರುವ ಜಾಗಗಳು

ತೋಟದವರು: ಇಷ್ಟು ಸಣ್ಣ ಟಾರ್ಚು. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಬಿಚ್ಚಿ, ಒಳಗಿನದನ್ನೆಲ್ಲ ಕಿತ್ತು, ಬೇರೆ ಎಲ್‌ಇಡಿ, ಬೇರೆ ಸರ್ಕ್ಯೂಟ್ ಕೂರಿಸಿ ಮತ್ತೆ ಮುಚ್ಚುತ್ತೀಯ. ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಟಾರ್ಚನ್ನೇ ಕೊಳ್ಳಬಹುದಲ್ಲ ಮಾರಾಯ್ತಿ?

ಬೆಸುಗೆಯವಳು: ಕೊಳ್ಳಬಹುದು. ದುಡ್ಡಿನ ಲೆಕ್ಕದಲ್ಲಿ ನಿಮ್ಮ ಮಾತೇ ಸರಿ. ಆದರೆ ಮನೆಯಲ್ಲಿ ಕರೆಂಟಿನಿಂದ ನಡೆಯುವ ವಸ್ತುಗಳನ್ನೆಲ್ಲ ಒಮ್ಮೆ ನೋಡಿ. ಫೋನು, ಟಿವಿ, ಇನ್ವರ್ಟರು. ಇವುಗಳಲ್ಲಿ ಯಾವುದನ್ನು ಒಬ್ಬರೇ ಕೂತು ತುದಿಯಿಂದ ತುದಿಯವರೆಗೆ ಅರ್ಥ ಮಾಡಿಕೊಳ್ಳಬಹುದು? ಟಾರ್ಚಿನಲ್ಲಿ ಅದು ಸಾಧ್ಯ. ಸೆಲ್ಲು, ಸ್ಪ್ರಿಂಗು, ಸ್ವಿಚ್ಚು, ಡ್ರೈವರ್ ಸರ್ಕ್ಯೂಟು, ಎಲ್‌ಇಡಿ, ಅದರ ಕೆಳಗಿನ ಲೋಹ, ಮುಂದಿನ ಲೆನ್ಸು. ಏಳು ಭಾಗ, ಅಷ್ಟೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಬಹುದು, ಅಳೆಯಬಹುದು, ಬದಲಾಯಿಸಬಹುದು. ಬದಲಾಯಿಸಿದ್ದರ ಫಲ ಅದೇ ಸಂಜೆ ಗೋಡೆಯ ಮೇಲೆ ಕಾಣುತ್ತದೆ. ನನ್ನನ್ನು ಈ ಹವ್ಯಾಸಕ್ಕೆ ಹಚ್ಚಿದ್ದು ಅದು.

ತೋಟದವರು: ಹಾಗಾದರೆ ನನ್ನದನ್ನೇ ನೋಡು. ತಲೆಯನ್ನು ಹಿಂದೆ ಮುಂದೆ ಎಳೆದರೆ ಬೆಳಕು ಅಗಲವಾಗುತ್ತದೆ, ಚೂಪಾಗುತ್ತದೆ. ಅಂಗಡಿಯಲ್ಲಿ ಹಚ್ಚಿ ತೋರಿಸಿದಾಗ ಕಣ್ಣು ಕೋರೈಸಿತ್ತು. ತೋಟದಲ್ಲಿ ಐದು ನಿಮಿಷ ಹಿಡಿದರೆ ಕೈ ಸುಡುತ್ತದೆ, ಬೆಳಕು ನೀಲಿಗೆ ತಿರುಗುತ್ತದೆ, ಆಮೇಲೆ ಮಂಕಾಗುತ್ತದೆ. ಸ್ವಿಚ್ಚು ಇನ್ನೊಮ್ಮೆ ಒತ್ತಿದರೆ ಪಟಪಟ ಮಿನುಗಲು ಶುರು. ಕತ್ತಲಲ್ಲಿ ತಲೆ ಸುತ್ತುತ್ತದೆ.

ಬೆಸುಗೆಯವಳು: ಇದು ಎಸ್‌ಕೆ68 ಎನ್ನುವ ಮಾದರಿಯ ನಕಲು. ಜಗತ್ತಿನಲ್ಲಿ ಈ ಆಕಾರದ ಟಾರ್ಚುಗಳು ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಹವ್ಯಾಸ ಹಚ್ಚಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಕವಚ ಅಲ್ಯೂಮಿನಿಯಂ, ಗಟ್ಟಿಯಾಗಿದೆ, ತಿರುಪಿನ ಎಳೆಗಳಲ್ಲೇ ಬಿಚ್ಚಿಕೊಳ್ಳುತ್ತದೆ. ಕೊರತೆಯೆಲ್ಲ ಒಳಗೆ. ಬಿಚ್ಚುತ್ತೇನೆ, ನೋಡಿ. ತಲೆಯೊಳಗೆ ತಿರುಪಿನಂತೆ ಕೂತಿರುವ ಈ ಬಟ್ಟಲಿಗೆ ನಾವು ಪಿಲ್ ಎನ್ನುತ್ತೇವೆ. ಮೇಲೆ ಎಲ್‌ಇಡಿ ಕೂತ ತೆಳು ತಟ್ಟೆ, ಅದು ಸ್ಟಾರ್. ಕೆಳಗೆ ಡ್ರೈವರ್, ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್. ನಡುವೆ ಏನಿದೆ?

ತೋಟದವರು: ಏನೂ ಇಲ್ಲ. ಟೊಳ್ಳು.

ಬೆಸುಗೆಯವಳು: ಬೆಳಕು ನೀಲಿಯಾಗುವುದಕ್ಕೂ ಮಂಕಾಗುವುದಕ್ಕೂ ಆ ಟೊಳ್ಳು ಒಂದು ಕಾರಣ. ಹಳೆಯ ಬಲ್ಬಿನ ಟಾರ್ಚಿನಲ್ಲಿ ತಂತಿ ಕಾದು ಬೆಳಗುತ್ತಿತ್ತು, ಅದರ ಶಾಖ ಬೆಳಕಿನ ಜೊತೆಗೇ ಮುಂದಕ್ಕೆ ಹೋಗುತ್ತಿತ್ತು. ಎಲ್‌ಇಡಿಯ ಶಾಖ ಹಾಗೆ ಮುಂದಕ್ಕೆ ಹೋಗುವುದಿಲ್ಲ. ಕೊಟ್ಟ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗ ಬೆಳಕಾಯಿತು ಎಂದಿಟ್ಟುಕೊಳ್ಳಿ. ಉಳಿದ ಎರಡು ಭಾಗ ಶಾಖವಾಗಿ ಅದರ ತಳದಲ್ಲೇ ನಿಲ್ಲುತ್ತದೆ. ತಳದಿಂದ ಸ್ಟಾರಿಗೆ, ಸ್ಟಾರಿನಿಂದ ಪಿಲ್‌ಗೆ, ಪಿಲ್‌ನಿಂದ ಕವಚಕ್ಕೆ, ಕವಚದಿಂದ ಗಾಳಿಗೆ ಅದು ಹರಿದು ಹೋಗಬೇಕು. ತಾಮ್ರದ ಶಾಖವಾಹಕತೆ ಸುಮಾರು 400, ಅಲ್ಯೂಮಿನಿಯಂನದು 200ರ ಆಸುಪಾಸು, ಗಾಳಿಯದು 0.026. ಟೊಳ್ಳು ಬಿಟ್ಟ ಜಾಗದಲ್ಲಿ ಶಾಖದ ದಾರಿ ಹೆಚ್ಚುಕಡಿಮೆ ಕಡಿದುಹೋದ ಹಾಗೆ. ಸ್ಟಾರಿನ ಅಂಚು ಮಾತ್ರ ಪಿಲ್‌ಗೆ ತಾಗಿದೆ, ಅಲ್ಲೂ ನಡುವೆ ಅಂಟು.

ತೋಟದವರು: ಆದರೆ ಕವಚ ಬಿಸಿಯಾಗುತ್ತದಲ್ಲ? ಶಾಖ ಹೊರಗೆ ಬರುತ್ತಿದೆ ಎಂದೇ ಅಲ್ಲವೇ ಅರ್ಥ?

ಬೆಸುಗೆಯವಳು: ಬರುತ್ತಿದೆ. ಎಷ್ಟು ತಡವಾಗಿ ಬರುತ್ತಿದೆ ಎನ್ನುವುದು ಮುಖ್ಯ. ಎಲ್‌ಇಡಿ ಹಚ್ಚಿದ ಕೂಡಲೇ ಕವಚ ಬೆಚ್ಚಗಾಗತೊಡಗಿದರೆ ದಾರಿ ಚೆನ್ನಾಗಿದೆ. ಬೆಳಕು ಮಂಕಾಗುತ್ತ ಹೋದರೂ ಕವಚ ತಣ್ಣಗೇ ಇದ್ದರೆ ಶಾಖವೆಲ್ಲ ಒಳಗೆ ಸಿಕ್ಕಿಬಿದ್ದಿದೆ. ಬಿಸಿಯಾಗದ ಟಾರ್ಚು ಒಳ್ಳೆಯದು ಎಂದು ಬಹಳ ಮಂದಿ ತಿಳಿಯುತ್ತಾರೆ. ಜೋರಾಗಿ ಉರಿದೂ ಬಿಸಿಯಾಗದ ಟಾರ್ಚನ್ನು ಕಂಡರೆ ನನಗೆ ಅನುಮಾನ. ನಿಮ್ಮದರಲ್ಲಿ ಎರಡು ತೊಂದರೆಗಳಿವೆ. ಕರೆಂಟ್ ಮಿತಿಮೀರಿ ಹರಿಯುತ್ತಿದೆ, ದಾರಿಯೂ ಕೆಟ್ಟದಾಗಿದೆ.

ತೋಟದವರು: ಕರೆಂಟ್ ಮಿತಿಮೀರುವುದು ಹೇಗೆ? ಸೆಲ್ಲು ಒಂದೇ ಇದೆ.

ಬೆಸುಗೆಯವಳು: ಆ ಸೆಲ್ಲಿನ ಸುತ್ತ ಏನು ಬರೆದಿದೆ ನೋಡಿ. 14500. ಅಂದರೆ 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಗಡಿಯಾರಕ್ಕೆ ಹಾಕುವ ಎಎ ಸೆಲ್ಲಿನ ಅಳತೆಯೇ. ಆದರೆ ಗಡಿಯಾರದ ಸೆಲ್ಲು 1.5 ವೋಲ್ಟ್, ಇದು ಲಿಥಿಯಂ ಅಯಾನ್, ಪೂರ್ತಿ ಚಾರ್ಜಾದಾಗ 4.2 ವೋಲ್ಟ್. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. 1.5 ವೋಲ್ಟನ್ನು ಅಲ್ಲಿಗೆ ಏರಿಸಲೆಂದು ಮಾಡಿದ ಡ್ರೈವರಿಗೆ 4.2 ಕೊಟ್ಟರೆ ಅದಕ್ಕೆ ಹಿಡಿತ ಉಳಿಯುವುದಿಲ್ಲ. ಎಲ್‌ಇಡಿಯ ಸ್ವಭಾವವೂ ಇಲ್ಲಿ ಕೆಲಸ ಮಾಡುತ್ತದೆ. ವೋಲ್ಟೇಜ್ ಸ್ವಲ್ಪವೇ ಏರಿದರೂ ಕರೆಂಟ್ ಹಲವು ಪಟ್ಟು ಏರುತ್ತದೆ. ಕಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಆಗ ಇನ್ನಷ್ಟು ಕರೆಂಟ್ ಹರಿಯುತ್ತದೆ. ಅದಕ್ಕೇ ಎಲ್‌ಇಡಿಗೆ ಕೊಡಬೇಕಾದದ್ದು ನಿಗದಿತ ಕರೆಂಟ್. ವೋಲ್ಟೇಜನ್ನು ಅದು ತಾನೇ ಆರಿಸಿಕೊಳ್ಳುತ್ತದೆ.

ತೋಟದವರು: ನೀಲಿ ಆಗುವುದು ಯಾಕೆ?

ಬೆಸುಗೆಯವಳು: ಬಿಳಿ ಎಲ್‌ಇಡಿ ಹುಟ್ಟಿನಿಂದ ನೀಲಿಯೇ. ಒಳಗಿನ ಚಿಪ್ ನೀಲಿ ಬೆಳಕು ಕೊಡುತ್ತದೆ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯಲ್ಲಿ ಒಂದಷ್ಟನ್ನು ಹೀರಿ ಹಳದಿಯಾಗಿ ಬಿಡುತ್ತದೆ. ಎರಡೂ ಕೂಡಿ ನಮ್ಮ ಕಣ್ಣಿಗೆ ಬಿಳಿ. ಈ ನೀಲಿ ಚಿಪ್ಪಿಗಾಗಿ ಎಷ್ಟು ವರ್ಷ ದುಡಿದಿದ್ದಾರೆ! ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿ ಸಿಕ್ಕಿದ್ದು 1990ರ ದಶಕದಲ್ಲಿ. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿ ಸಿಗದಿದ್ದರೆ ನಿಮ್ಮ ಕೈಯಲ್ಲಿ ಈ ಟಾರ್ಚೂ ಇಲ್ಲ, ಮನೆಯಲ್ಲಿ ಎಲ್‌ಇಡಿ ಬಲ್ಬೂ ಇಲ್ಲ. ಎಲ್‌ಇಡಿ ಅತಿಯಾಗಿ ಕಾದಾಗ ಫಾಸ್ಫರಿನ ಕೆಲಸ ಕುಂದುತ್ತದೆ, ನೀಲಿ ಮೇಲುಗೈ ಪಡೆಯುತ್ತದೆ. ನಿಮ್ಮ ಕಣ್ಣು ಹಿಡಿದದ್ದು ಅದನ್ನೇ.

ತೋಟದವರು: ಅಂದರೆ ಸೆಲ್ಲಿನಿಂದ ಹೊರಟದ್ದು ದಾರಿಯುದ್ದಕ್ಕೂ ಹಾಳಾಗುತ್ತ ಬರುತ್ತಿದೆ. ನಮ್ಮ ತೋಟದ ಪೈಪ್‌ಲೈನಿನಂತೆ. ಪಂಪು ಎಷ್ಟೇ ಎತ್ತಿದರೂ ಜಾಯಿಂಟು ಜಾಯಿಂಟಿನಲ್ಲಿ ಸೋರಿದರೆ ಕೊನೆಯ ಜೆಟ್ಟಿಗೆ ಏನು ಮುಟ್ಟೀತು?

ಬೆಸುಗೆಯವಳು: ಅದೇ ಲೆಕ್ಕ. ಈ ಹವ್ಯಾಸದಲ್ಲಿ ಮೊದಲು ಮಾಡುವ ಕೆಲಸ ಸೋರುವ ಜಾಗಗಳನ್ನು ಹುಡುಕುವುದು. ಒಂದು ಸ್ಪ್ರಿಂಗಿನಲ್ಲಿ 0.1 ಓಮ್ ರೋಧ ಇದ್ದು ಅದರಲ್ಲಿ 2 ಆಂಪಿಯರ್ ಹರಿದರೆ 0.2 ವೋಲ್ಟ್ ಅಲ್ಲೇ ಕಳೆದುಹೋಯಿತು, 0.4 ವಾಟ್ ಶಾಖವಾಯಿತು. ಹಾಗಾಗಿ ಹವ್ಯಾಸಿಗಳು ಸ್ಪ್ರಿಂಗಿನ ಬುಡದಿಂದ ತುದಿಗೆ ಮೃದುವಾದ ತಾಮ್ರದ ತಂತಿಯೊಂದನ್ನು ಬೆಸೆಯುತ್ತಾರೆ. ಒತ್ತುವ ಕೆಲಸ ಸ್ಪ್ರಿಂಗಿಗೆ, ಕರೆಂಟ್ ಒಯ್ಯುವ ಕೆಲಸ ತಂತಿಗೆ.

ತೋಟದವರು: ಹಾಗಾದರೆ ನನ್ನದಕ್ಕೂ ಅದನ್ನು ಮಾಡು.

ಬೆಸುಗೆಯವಳು: ನಿಮ್ಮದಕ್ಕೆ ಬೇಕಾಗದಿರಬಹುದು. ರೋಧದಲ್ಲಿ ಕಳೆಯುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ. ಕರೆಂಟನ್ನು ಅರ್ಧಕ್ಕಿಳಿಸಿದರೆ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಅದೇ ಸ್ಪ್ರಿಂಗಿನಲ್ಲಿ 0.35 ಆಂಪಿಯರ್ ಹರಿಸಿ ನೋಡಿ, ಕಳೆಯುವುದು 0.012 ವಾಟ್. ಲೆಕ್ಕಕ್ಕೇ ಇಲ್ಲ. ಅಂದರೆ ನಿಮಗೆ ಎಷ್ಟು ಬೆಳಕು ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅದು ತೀರ್ಮಾನವಾದರೆ ಅರ್ಧ ಸೋರಿಕೆ ತಾನಾಗಿ ನಿಲ್ಲುತ್ತದೆ. ಹೇಳಿ, ರಾತ್ರಿ ಇದನ್ನು ಹಿಡಿದು ಏನು ನೋಡುತ್ತೀರಿ?

ತೋಟದವರು: ಏನು ನೋಡುತ್ತೇನೆ ಎಂದರೆ... ತ್ರೀಫೇಸ್ ಕರೆಂಟ್ ರಾತ್ರಿ ಬಂದಾಗ ಮೋಟಾರು ಹಾಕಲು ಹೋಗಬೇಕು. ಬಿದ್ದ ಸೋಗೆಗಳ ನಡುವೆ ಕಾಲಿಡಬೇಕು. ನೋಡಬೇಕಾದದ್ದು ಕಾಲ ಮುಂದಿನ ಹತ್ತು ಹೆಜ್ಜೆ. ಒಣ ಸೋಗೆಯ ಬಣ್ಣವೂ ಕೊಳಕುಮಂಡಲದ ಬಣ್ಣವೂ ಒಂದೇ. ಈ ಬೆಳಕಿನಲ್ಲಿ ಸೋಗೆ, ಮಣ್ಣು, ಎಲೆ ಎಲ್ಲವೂ ಬೂದಿ ಬಳಿದಂತೆ ಕಾಣುತ್ತವೆ. ನನಗೆ ಭಯ ಆಗುವುದು ಅದಕ್ಕೇ.

ಬೆಸುಗೆಯವಳು: ಈಗ ಟಾರ್ಚು ಹೇಗಿರಬೇಕು ಎನ್ನುವುದು ಅರ್ಧ ನಿರ್ಧಾರವಾಯಿತು. ನಿಮಗೆ ದೂರ ಬೇಡ. ದೂರದ ಬೆಳಕು ದುಬಾರಿ. ಟಾರ್ಚಿನ ದೂರವನ್ನು ಅಳೆಯಲು ಅಮೆರಿಕದ ಎಫ್‌ಎಲ್‌1 ಎಂಬ ಮಾನದಂಡವಿದೆ. ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕಿನಷ್ಟಕ್ಕೆ, ಇಳಿಯುವ ಜಾಗವನ್ನು ಅದರ ಕೊನೆ ಎಂದು ಲೆಕ್ಕ ಹಿಡಿಯುತ್ತಾರೆ. ದೂರ ಎರಡು ಪಟ್ಟು ಆಗಬೇಕಾದರೆ ಪ್ರಖರತೆ ನಾಲ್ಕು ಪಟ್ಟು ಆಗಬೇಕು. ಹತ್ತು ಹೆಜ್ಜೆ ನೋಡಲು ಆ ಖರ್ಚು ಯಾಕೆ? ಲೆನ್ಸನ್ನು ಹಿಂದಕ್ಕೆ ಎಳೆದು ಅಗಲ ಮಾಡಿ ಹಿಡಿಯಿರಿ. ಚೂಪು ಮಾಡಿದಾಗ ಗೋಡೆಯ ಮೇಲೆ ಚೌಕ ಮೂಡುತ್ತದಲ್ಲ, ಅದು ಎಲ್‌ಇಡಿ ಚಿಪ್ಪಿನದೇ ಚಿತ್ರ. ಕೆಲವು ಚಿಪ್ಪುಗಳಲ್ಲಿ ಮೇಲಿನ ಸಣ್ಣ ತಂತಿಗಳೂ ಕಾಣುತ್ತವೆ. ಹಾಗೆ ಚೂಪು ಮಾಡುವಾಗ ಬೆಳಕಿನ ದೊಡ್ಡ ಪಾಲು ಕೊಳವೆಯ ಒಳಗೋಡೆಗೆ ಬಡಿದು ಸಾಯುತ್ತದೆ. ಅಗಲ ಮಾಡಿದರೆ ಹೆಚ್ಚು ಬೆಳಕು ಹೊರಬರುತ್ತದೆ, ನಡುವೆ ಕಣ್ಣು ಕುಕ್ಕುವ ಚುಕ್ಕೆಯೂ ಇಲ್ಲ.

ತೋಟದವರು: ಬಣ್ಣದ ವಿಷಯ?

ಬೆಸುಗೆಯವಳು: ಅದಕ್ಕೆ ಎಲ್‌ಇಡಿಯನ್ನೇ ಬದಲಾಯಿಸಬೇಕು. ಅಗ್ಗದ ಟಾರ್ಚಿನಲ್ಲಿ 6500 ಕೆಲ್ವಿನ್ ಅಥವಾ ಅದಕ್ಕೂ ಮೇಲಿನ ತಣ್ಣನೆಯ ಬಿಳಿ ಹಾಕಿರುತ್ತಾರೆ. ಕಡಿಮೆ ಫಾಸ್ಫರ್ ಇರುವುದರಿಂದ ಲುಮೆನ್, ಅಂದರೆ ಒಟ್ಟು ಬೆಳಕಿನ ಲೆಕ್ಕ, ಹೆಚ್ಚು ಬರುತ್ತದೆ. ಅದರಲ್ಲಿ ಕೆಂಪಿನ ಅಂಶ ತೀರಾ ಕಡಿಮೆ. ಕಂದು ಬಣ್ಣ ಕಾಣಬೇಕಾದರೆ ಬೆಳಕಿನಲ್ಲೇ ಕೆಂಪು ಇರಬೇಕು. ಇಲ್ಲದ ಬಣ್ಣವನ್ನು ಸೋಗೆ ಎಲ್ಲಿಂದ ಹಿಂದಕ್ಕೆ ಕಳಿಸೀತು? ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ. 100 ಅಂದರೆ ಬಿಸಿಲಿನ ಮಟ್ಟ. ಸಾಮಾನ್ಯ ತಣ್ಣನೆಯ ಎಲ್‌ಇಡಿಗಳು 70ರ ಆಸುಪಾಸು. ಜಪಾನಿನ ನಿಚಿಯಾದ 219ಬಿ ಎಂಬ ಎಲ್‌ಇಡಿಯಲ್ಲಿ 90 ದಾಟಿದ ಬಗೆ ಇದೆ, ಹವ್ಯಾಸಿಗಳಿಗೆ ಅದೆಂದರೆ ಪ್ರೀತಿ. ಲುಮೆನ್ ಕಡಿಮೆ ಕೊಡುತ್ತದೆ, ಆದರೆ ಕೊಟ್ಟ ಬೆಳಕಿನಲ್ಲಿ ಹಸಿರು ಹಸಿರಾಗಿ, ಕಂದು ಕಂದಾಗಿ ಬೇರೆ ಬೇರೆ ನಿಲ್ಲುತ್ತವೆ. ನಿಮ್ಮ ತೋಟಕ್ಕೆ 4000–4500 ಕೆಲ್ವಿನ್‌ನದನ್ನು ಹಾಕುತ್ತೇನೆ.

ತೋಟದವರು: ಕಡಿಮೆ ಲುಮೆನ್ ಎನ್ನುತ್ತೀಯಲ್ಲ. ಎಷ್ಟು?

ಬೆಸುಗೆಯವಳು: 100ರ ಆಸುಪಾಸು. ಮುಖ ಸಪ್ಪೆ ಮಾಡಬೇಡಿ. ಎರಡು ದಪ್ಪ ಸೆಲ್ಲಿನ ಹಳೆಯ ಬಲ್ಬಿನ ಟಾರ್ಚು ಕೊಡುತ್ತಿದ್ದದ್ದು ಹತ್ತಿಪ್ಪತ್ತು ಲುಮೆನ್. ಅದನ್ನೇ ಹಿಡಿದು ನಿಮ್ಮ ಹಿರಿಯರು ಜೀವನವಿಡೀ ತೋಟ ಸುತ್ತಿದರು. ಬೆಳಕು ಎರಡು ಪಟ್ಟಾದರೂ ಕಣ್ಣಿಗೆ ಅದು ಸ್ವಲ್ಪ ಹೆಚ್ಚಿದಂತೆ ಮಾತ್ರ ಕಾಣುತ್ತದೆ. ಬಣ್ಣ ಸರಿಯಾದರೆ ಆ ವ್ಯತ್ಯಾಸ ಮೊದಲ ನೋಟಕ್ಕೇ ತಿಳಿಯುತ್ತದೆ.

ತೋಟದವರು: ಸರಿ, ಕರೆಂಟಿಗೆ ಕಡಿವಾಣ ಹಾಕುವುದು ಹೇಗೆ?

ಬೆಸುಗೆಯವಳು: ಈ ಮೂರು ಕಾಲಿನ ಚಿಪ್ ನೋಡಿ, ಅಕ್ಕಿಕಾಳಿಗಿಂತ ಸ್ವಲ್ಪ ಅಗಲ. ಎಎಂಸಿ7135. ಇದು ಮಾಡುವುದು ಒಂದೇ ಕೆಲಸ, ತನ್ನ ಮೂಲಕ 350 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಹೆಚ್ಚು ಬೇಕೆಂದರೆ ಪಕ್ಕಪಕ್ಕ ಸೇರಿಸಬೇಕು, ನಾಲ್ಕಕ್ಕೆ 1.4 ಆಂಪಿಯರ್, ಎಂಟಕ್ಕೆ 2.8. ನಿಮಗೆ ಒಂದೇ ಸಾಕು. ಸೆಲ್ಲಿನ 3.7 ವೋಲ್ಟಿನಲ್ಲಿ ಎಲ್‌ಇಡಿಗೆ ಬೇಕಾದ 3 ಹೋಗಿ ಉಳಿದ 0.7 ವೋಲ್ಟನ್ನು ಚಿಪ್ ಶಾಖವಾಗಿ ಕಳೆಯುತ್ತದೆ, ಕಾಲು ವಾಟಿನಷ್ಟು. ಅಷ್ಟು ಸೋರಿಕೆಯನ್ನು ನಾನು ತಿಳಿದೇ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಇದಕ್ಕಿಂತ ಸರಳವಾದದ್ದು ಇಲ್ಲ, ಕೆಡುವುದೂ ಅಪರೂಪ. 14500 ಸೆಲ್ಲಿನಲ್ಲಿ 800 ಮಿಲಿಆಂಪಿಯರ್‌ಗಂಟೆ ಇದ್ದರೆ ಎರಡು ಗಂಟೆಗೂ ಮೇಲೆ ಒಂದೇ ಸಮ ಉರಿಯುತ್ತದೆ. ಸೆಲ್ಲು ಇಳಿಯುತ್ತ ಬಂದಾಗ ಬೆಳಕು ಮೆಲ್ಲಗೆ ಕುಂದುತ್ತದೆ, ಮನೆಗೆ ತಿರುಗಿ ಎಂದು ಹೇಳುವ ಸೂಚನೆ ಅದು. ಆ ಪಟಪಟ ಮಿನುಗುವುದಂತೂ ಹಳೆಯ ಡ್ರೈವರಿನ ಜೊತೆಗೇ ಹೋಗುತ್ತದೆ.

ತೋಟದವರು: ಕಡಿಮೆ ಬೆಳಕಿನ ಇನ್ನೊಂದು ಮಟ್ಟ ಬೇಡವೇ?

ಬೆಸುಗೆಯವಳು: ಬೇಕಿದ್ದರೆ ಸಣ್ಣ ಮೈಕ್ರೋಕಂಟ್ರೋಲರ್ ಇರುವ ಡ್ರೈವರ್ ಹಾಕಬಹುದು, ಎಟಿಟೈನಿ13 ಇರುವಂಥವು ಬಹಳ ಇವೆ. ಅದು ಬೆಳಕನ್ನು ಸೆಕೆಂಡಿಗೆ ಬಹಳ ಸಲ ಆರಿಸಿ ಹಚ್ಚಿ ಮಂದ ಮಾಡುತ್ತದೆ. ಆ ವೇಗ ಸಾಲದಿದ್ದರೆ ಮಳೆಗಾಲದಲ್ಲಿ ಗೊತ್ತಾಗುತ್ತದೆ, ಬೀಳುವ ಹನಿಗಳು ಗೆರೆಯಾಗಿ ಕಾಣುವ ಬದಲು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಒಂದೇ ಮಟ್ಟ, ಒಂದೇ ಒತ್ತು ನಿಮಗೆ ಹೊಂದುತ್ತದೆ ಅನ್ನಿಸುತ್ತದೆ.

ತೋಟದವರು: ಹೌದು, ಮೋಟಾರಿನ ಸ್ವಿಚ್ಚು ಹಾಕುವಾಗ ಎಣಿಸುತ್ತ ಕೂರಲು ಆಗುವುದಿಲ್ಲ. ಆ ಎಲ್‌ಇಡಿ ಇಷ್ಟು ಸಣ್ಣದಿದೆ, ಮೂರೂವರೆ ಮಿಲಿಮೀಟರ್. ಅದನ್ನು ಹೇಗೆ ಬೆಸೆಯುತ್ತೀ?

ಬೆಸುಗೆಯವಳು: ಇದು ನನಗೆ ಎಲ್ಲಕ್ಕಿಂತ ಇಷ್ಟದ ಘಟ್ಟ. ತಾಮ್ರದ ಸ್ಟಾರಿನ ಮೇಲೆ ಬೆಸುಗೆ ಪೇಸ್ಟನ್ನು ತೆಳ್ಳಗೆ ಹಚ್ಚಿ, ಎಲ್‌ಇಡಿಯ ಪ್ಲಸ್, ಮೈನಸ್ ನೋಡಿ ಕೂರಿಸಿ, ಸ್ಟಾರನ್ನು ಕಾದ ಲೋಹದ ತಟ್ಟೆಯ ಮೇಲೆ ಇಡುವುದು. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಬೂದು ಪೇಸ್ಟು ಒಮ್ಮೆಲೇ ಬೆಳ್ಳಿಯಂತೆ ಹೊಳೆಯುತ್ತದೆ. ಆ ಕ್ಷಣದಲ್ಲಿ ಓರೆಯಾಗಿ ಕೂತಿದ್ದ ಎಲ್‌ಇಡಿ ದ್ರವದ ಮೇಲ್ಮೈ ಸೆಳೆತಕ್ಕೆ ತಾನಾಗಿ ಜರುಗಿ ನೇರವಾಗಿ ನಿಲ್ಲುತ್ತದೆ. ಯಾರೂ ಮುಟ್ಟದೆ! ಎಷ್ಟು ಸಲ ನೋಡಿದರೂ ಸಂತೋಷ ಕಡಿಮೆಯಾಗುವುದಿಲ್ಲ. ಅಡುಗೆಮನೆಯ ಕಾವಲಿಯನ್ನು ಇದಕ್ಕೆ ಬಳಸಲೇಬಾರದು. ಸೀಸ ವಿಷ. ತಟ್ಟೆ ಬೇರೆ ಇರಬೇಕು, ಕಿಟಕಿ ತೆರೆದಿರಬೇಕು, ಕೆಲಸ ಮುಗಿದ ಕೂಡಲೇ ಸೋಪಿನಲ್ಲಿ ಕೈ ತೊಳೆಯಬೇಕು.

ತೋಟದವರು: ಟೊಳ್ಳು?

ಬೆಸುಗೆಯವಳು: ಗುಜರಿಯಲ್ಲಿ ಸಿಕ್ಕ ತಾಮ್ರದ ಪಟ್ಟಿಯಿಂದ ದುಂಡಗಿನ ಬಿಲ್ಲೆ ಕತ್ತರಿಸಿ, ಅರದಿಂದ ಉಜ್ಜಿ, ಪಿಲ್‌ನೊಳಗೆ ಬಿಗಿಯಾಗಿ ಕೂರಿಸುತ್ತೇನೆ. ತಂತಿ ಹಾಯಲು ಎರಡು ತೂತು. ಮೇಲೆ ಶಾಖ ದಾಟಿಸುವ ಪೇಸ್ಟಿನ ತೆಳು ಲೇಪ, ಅದರ ಮೇಲೆ ಸ್ಟಾರ್. ಈ ಪೇಸ್ಟನ್ನು ಬೆಣ್ಣೆಯಂತೆ ಬಳಿಯಬಾರದು, ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವಷ್ಟಿದ್ದರೆ ಸಾಕು. ದಪ್ಪ ಹೆಚ್ಚಿದಷ್ಟೂ ಅದೇ ಅಡ್ಡಗೋಡೆ. ಈ ಬಿಡಿಭಾಗಗಳಲ್ಲಿ ಬಹಳಷ್ಟು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ, ಒಳ್ಳೆಯ ಎಲ್‌ಇಡಿಯನ್ನು ಮಾತ್ರ ತರಿಸಿಕೊಳ್ಳಬೇಕಾಗುತ್ತದೆ.

ತೋಟದವರು: ಕೇಳುತ್ತ ಕೇಳುತ್ತ ನನಗೂ ಕೈ ಹಾಕುವ ಮನಸ್ಸಾಗುತ್ತಿದೆ. ಈ ವಯಸ್ಸಿನಲ್ಲಿ ಆದೀತೇ?

ಬೆಸುಗೆಯವಳು: ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೀವೇ ಬಿಚ್ಚಿ ಸರಿಮಾಡುತ್ತೀರಿ, ಇದಕ್ಕೇನು? ಶುರುಮಾಡುವುದು ಅಳತೆಯಿಂದ. ಹಿಂದಿನ ಮುಚ್ಚಳ ತೆಗೆಯಿರಿ. ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು ಒಂದು ಕಡ್ಡಿಯನ್ನು ಸೆಲ್ಲಿನ ಹಿಂಬದಿಗೆ, ಇನ್ನೊಂದನ್ನು ಕೊಳವೆಯ ಅಂಚಿನ ಬರಿಯ ಲೋಹಕ್ಕೆ ತಾಗಿಸಿ. ಕಪ್ಪು ಬಣ್ಣ ಬಂದ ಜಾಗಕ್ಕೆ ತಾಗಿಸಿದರೆ ಏನೂ ಆಗದು, ಆ ಪದರ ಅಲ್ಯೂಮಿನಿಯಂ ಆಕ್ಸೈಡ್, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಮೀಟರಿನ ತಂತಿ ತೆಳುವಾಗಿದ್ದರೆ ಅದೂ ಒಂದಷ್ಟು ರೋಧ ಸೇರಿಸಿ ಕಡಿಮೆ ಅಂಕಿ ತೋರಿಸುತ್ತದೆ ಎನ್ನುವುದು ನೆನಪಿರಲಿ. ಮಾರ್ಪಾಡಿಗೆ ಮೊದಲಿನ ಅಂಕಿಯನ್ನೂ ಆಮೇಲಿನದನ್ನೂ ಬರೆದಿಡಿ. ಅಳೆಯದೆ ಬದಲಾಯಿಸಿದರೆ ಏನು ಕಲಿತೆವು ಎಂದು ತಿಳಿಯುವುದಿಲ್ಲ.

ತೋಟದವರು: ಅಪಾಯ ಎಲ್ಲಿದೆ ಎಂಬುದನ್ನೂ ಹೇಳಿಬಿಡು.

ಬೆಸುಗೆಯವಳು: ಸೆಲ್ಲಿನಲ್ಲಿ. ಉಳಿದದ್ದೆಲ್ಲ ಕೆಟ್ಟರೆ ಕೆಲವು ರೂಪಾಯಿ ಹೋಗುತ್ತದೆ, ಲಿಥಿಯಂ ಸೆಲ್ಲು ಕೆಟ್ಟರೆ ಬೆಂಕಿ ಹತ್ತಬಹುದು. ಅದಕ್ಕೆಂದೇ ಮಾಡಿದ, 4.2 ವೋಲ್ಟಿಗೆ ನಿಲ್ಲುವ ಚಾರ್ಜರಿನಲ್ಲೇ ಚಾರ್ಜ್ ಮಾಡಿ. 2.5 ವೋಲ್ಟಿಗಿಂತ ಕೆಳಗೆ ಇಳಿದದ್ದನ್ನು ಮತ್ತೆ ಬಳಸಬೇಡಿ. ಹೊರಸುತ್ತು ಹರಿದಿದ್ದರೆ ಬದಲಾಯಿಸಿ. ನನ್ನ ಒಂಟಿ ಚಿಪ್ಪಿನ ಡ್ರೈವರು ಸೆಲ್ಲು ಬರಿದಾಗುವುದನ್ನು ತಡೆಯುವುದಿಲ್ಲ, ಹಾಗಾಗಿ ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್ಲನ್ನೇ ತನ್ನಿ. ಅದು ಸ್ವಲ್ಪ ಉದ್ದವಿರುತ್ತದೆ, ಕೊಳವೆಯಲ್ಲಿ ಕೂರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ದೊಡ್ಡ 18650 ಸೆಲ್ಲುಗಳ ಮೇಲೆ 9000 ಮಿಲಿಆಂಪಿಯರ್‌ಗಂಟೆ ಎಂದು ಬರೆದದ್ದು ಕಂಡರೆ ಮುಟ್ಟಬೇಡಿ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ಲಿಗೆ ಇರುವುದು 3500ರ ಆಸುಪಾಸು. ಮತ್ತೆ, ನಿಮ್ಮ 14500 ಸೆಲ್ಲನ್ನು ಮೇಜಿನ ಮೇಲೆ ಹಾಗೇ ಬಿಡಬೇಡಿ. ಮನೆಯಲ್ಲಿ ಯಾರಾದರೂ ಎಎ ಸೆಲ್ಲೆಂದು ತಿಳಿದು ರಿಮೋಟಿಗೋ ಗಡಿಯಾರಕ್ಕೋ ಹಾಕಿಯಾರು.

ತೋಟದವರು: ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಇದನ್ನು ನಂಬಬಹುದಲ್ಲವೇ?

ಬೆಸುಗೆಯವಳು: ಕೊಂಡದ್ದಕ್ಕಿಂತ ಹೆಚ್ಚು ನಂಬಬಹುದು, ಯಾಕೆಂದರೆ ಎಲ್ಲಿ ಕೆಡಬಹುದು ಎನ್ನುವುದು ನಿಮಗೆ ಗೊತ್ತಿರುತ್ತದೆ. ಜಾರುವ ತಲೆಯ ಟಾರ್ಚು ಒಳಗೆ ತೇವ ಎಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಗೆ ಪೂರ್ತಿ ತಡೆಯುವುದಿಲ್ಲ. ಒ-ರಿಂಗುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ ಇಟ್ಟುಕೊಳ್ಳಿ. ಬೆಳಕು ನಡುಗಿದರೆ ಮೊದಲು ಹಿಂದಿನ ಎಳೆಗಳನ್ನು ಒರೆಸಿ, ಆಮೇಲೆ ಸ್ಪ್ರಿಂಗ್ ನೋಡಿ, ಆಮೇಲೆ ಸ್ವಿಚ್ಚು. ಹತ್ತರಲ್ಲಿ ಎಂಟು ಸಲ ಅಲ್ಲೇ ಸರಿಹೋಗುತ್ತದೆ. ಹಾಗಿದ್ದೂ ರಾತ್ರಿ ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಇನ್ನೊಂದು ಟಾರ್ಚು ಇರಲೇಬೇಕು. ನಾನು ಮಾಡಿಕೊಟ್ಟದ್ದಾದರೂ ಅಷ್ಟೆ, ನೀವೇ ಮಾಡಿಕೊಂಡದ್ದಾದರೂ ಅಷ್ಟೆ.

ತೋಟದವರು: ಹಾಗಾದರೆ ಎರಡನೆಯದನ್ನು ನಾನೇ ಮಾಡುತ್ತೇನೆ. ನೀನು ಪಕ್ಕದಲ್ಲಿ ಕೂತು ನೋಡು. ಮೊದಲು ಕೊಡು ಆ ಮೀಟರು, ಇದು ಈಗ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಬರೆದಿಟ್ಟುಕೊಳ್ಳೋಣ.